ಉಮ್ಮತ್ತಾಟ್, ಬೊಳಕಾಟ್ ಹಾಡುಗಳಿಗೆ ಒಂದು ಕಂಪ್ಯೂಟರ್ ವ್ಯವಸ್ಥೆ ಮಾಡಬೇಕು, ತಿಳಿದವರು ಹೇಳಿ

ಮಂದ್‌ಹಾದಿ

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ನಾಪೋಕ್ಲು ಕಡೆಯವನು. ನಮ್ಮೂರಲ್ಲಿ ಒಂದು ಸಣ್ಣ ತಂಡ ಇದೆ. ಹೆಂಗಸರು ಉಮ್ಮತ್ತಾಟ್, ಗಂಡಸರು ಬೊಳಕಾಟ್, ಕತ್ತಿಯಾಟ್, ಮಕ್ಕಳು ಕೋಲಾಟ್. ಇವೆಲ್ಲ ಕೊಡವರ ಕುಣಿತಗಳು, ಕುಣಿತಕ್ಕೆ ನಾವು ಆಟ್ ಅಂತೇವೆ. ವಾರಕ್ಕೆ ಎರಡು ಸಂಜೆ ಶಾಲೆಯ ಹಾಲ್‌ನಲ್ಲಿ ಅಭ್ಯಾಸ. ದುಡಿ ಅನ್ನುವ ಸಣ್ಣ ಚರ್ಮವಾದ್ಯ ಬಾರಿಸಿ ಹಾಡುವ ಹಿರಿಯರು ಇಬ್ಬರಿದ್ದಾರೆ, ಇಬ್ಬರಿಗೂ ಎಪ್ಪತ್ತು ದಾಟಿದೆ. ಮಳೆಗಾಲದಲ್ಲಿ ಪ್ರತಿ ಸಲ ಅವರನ್ನು ಕರೆಸೋದು ಸರಿಯಲ್ಲ ಅಂತ ರೆಕಾರ್ಡಿಂಗ್ ಹಾಕಿಕೊಂಡು ಕುಣಿಯುತ್ತೇವೆ.

ಆ ರೆಕಾರ್ಡಿಂಗ್‌ಗಳೆಲ್ಲ ಒಂದು 32 ಜಿಬಿ ಪೆನ್‌ಡ್ರೈವ್‌ನಲ್ಲಿವೆ. ನಾನೂರಕ್ಕೂ ಹೆಚ್ಚು ಫೈಲು. ಅರ್ಧಕ್ಕೆ ಹೆಸರೇ ಇಲ್ಲ, ಬರೀ ನಂಬರು. ಇನ್ನರ್ಧಕ್ಕೆ 'ಹೊಸದು', 'ಹೊಸದು 2', 'ಸರಿಯಾದದ್ದು', 'ಇದೇ ಸರಿಯಾದದ್ದು' ಅಂತೆಲ್ಲ ಹೆಸರು. ಕೊನೆಯದು ನಾನೇ ಇಟ್ಟದ್ದು.

ಈಗ ಯಾಕೆ ಕೇಳ್ತಿದ್ದೇನೆ ಅಂದ್ರೆ, ಕಳೆದ ತಿಂಗಳು ನೆಂಟರ ಮದುವೆ. ಹಿಂದಿನ ರಾತ್ರಿ ನಮ್ಮ ತಂಡ ಒಂದೆರಡು ಆಟ್ ಆಡೋದು ಅಂತ ಮಾತಾಗಿತ್ತು. ಪೆನ್‌ಡ್ರೈವ್ ಸ್ಪೀಕರಿಗೆ ಚುಚ್ಚಿದ್ದು ನಾನೇ. ಮೊದಲ ಹಾಡು ಚೆನ್ನಾಗಿ ಮುಗೀತು. ಹೆಂಗಸರು ಸುತ್ತು ಸರಿಮಾಡಿಕೊಳ್ಳುವಷ್ಟರಲ್ಲಿ ಸ್ಪೀಕರು ತನ್ನಷ್ಟಕ್ಕೆ ಮುಂದಿನ ಫೈಲಿಗೆ ಹೋಯಿತು. ಬಂದದ್ದು ಚಾವು ಕೊಟ್ಟ್, ಸಾವಿಗೆ ಬಾರಿಸುವ ವಾದ್ಯದ ಬಡಿತ. ಯಾರೋ ಯಾವಾಗಲೋ ಮೊಬೈಲಲ್ಲಿ ಹಿಡಿದಿಟ್ಟದ್ದು. ಮೂರೋ ನಾಲ್ಕೋ ಸೆಕೆಂಡ್ ಇರಬೇಕು, ವೈರು ಕಿತ್ತೆ. ಅಷ್ಟರಲ್ಲಿ ಮದುಮಗಳ ಅಜ್ಜಿ ಕುರ್ಚಿಯಿಂದ ಎದ್ದು ಒಳಗೆ ಹೋಗಿಯಾಗಿತ್ತು. ಮದುವೆ ಮನೆಯಲ್ಲಿ ಸಾವಿನ ಕೊಟ್ಟು ಕೇಳಿಸಿದ ನನ್ನ ಮುಖಕ್ಕೆ ಆಮೇಲೆ ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಯಾವ ಹಾಡು ಯಾವ ಆಟ್‌ಗೆ, ಯಾವ ಸಂದರ್ಭಕ್ಕೆ ಅನ್ನೋದು ಗೊತ್ತಿರುವ ಒಂದು ವ್ಯವಸ್ಥೆ ಬೇಕು. ನನಗೆ ಎಕ್ಸೆಲ್ ಬರುತ್ತೆ, ಪ್ರೋಗ್ರಾಮಿಂಗ್ ಬರಲ್ಲ.

ಜಿಗಣೆ

ಅಣ್ಣ, ಮೊದಲು ಆ ಪೆನ್‌ಡ್ರೈವ್‌ಗೆ ನಮ್ಮಲ್ಲಿ ಸಾವಿಗೆ ಹೊಡೆಯುವ ಹಾಗೆ ಎರಡು ಗುಂಡು ಹೊಡೆದು ಮರ್ಯಾದೆಯಿಂದ ಕಳಿಸಿಕೊಡಿ.

ಬೆಂಗಳೂರು_ರಾತ್ರಿಬಸ್ಸು

ನಕ್ಕೆ, ಆಮೇಲೆ ಅಜ್ಜಿ ನೆನಪಾಗಿ ನಗು ನಿಂತಿತು.

ನಾನು ವಿರಾಜಪೇಟೆಯವನು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಸಿಡಿ ಅಂಗಡಿ ಲೆಕ್ಕದಲ್ಲಿ ಇದನ್ನು ಯೋಚಿಸಬೇಡಿ. ಮಾಮೂಲಿ ಮ್ಯೂಸಿಕ್ ಆ್ಯಪ್‌ಗಳಿಗೆ ಗೊತ್ತಿರೋದು ಗಾಯಕ, ಆಲ್ಬಮ್, ವರ್ಷ. ನಿಮ್ಮ ಹಾಡುಗಳಿಗೆ ಆಲ್ಬಮ್ಮೇ ಇಲ್ಲ. ಹಾಡು ಬೇರೆ, ರೆಕಾರ್ಡಿಂಗ್ ಬೇರೆ ಅನ್ನೋದನ್ನ ಮೊದಲು ತಲೆಗೆ ಹಾಕಿಕೊಳ್ಳಿ. ಒಂದೇ ಹಾಡನ್ನು ನಿಮ್ಮ ಇಬ್ಬರು ಹಿರಿಯರು ಬೇರೆ ಬೇರೆ ದಿನ, ಬೇರೆ ಬೇರೆ ವೇಗದಲ್ಲಿ ಹಾಡಿರ್ತಾರೆ. ಹಾಡು ಒಂದು, ರೆಕಾರ್ಡಿಂಗ್ ನಾಲ್ಕು. ಇವೆರಡನ್ನು ಒಂದೇ ಸಾಲಿನಲ್ಲಿ ತುಂಬಿದ್ದರಿಂದಲೇ 'ಇದೇ ಸರಿಯಾದದ್ದು' ಹುಟ್ಟಿದ್ದು.

ಹಾಗಾಗಿ ಎಕ್ಸೆಲ್‌ನಲ್ಲೇ ನಾಲ್ಕು ಹಾಳೆ ಮಾಡಿ. ಆಟ್, ಹಾಡು, ರೆಕಾರ್ಡಿಂಗ್, ಸಂದರ್ಭ. ಎಲ್ಲದಕ್ಕೂ ಒಂದೊಂದು ನಂಬರು ಕೊಡಿ, ಒಂದು ಹಾಳೆಯಿಂದ ಇನ್ನೊಂದಕ್ಕೆ ಆ ನಂಬರಿನಿಂದಲೇ ಕೊಂಡಿ ಹಾಕಿ. ಮುಂದೆ ನಾನು ಅದನ್ನು ಎಸ್‌ಕ್ಯೂಲೈಟ್‌ಗೆ ಹಾಕಿಕೊಡ್ತೇನೆ. ಇಡೀ ಡೇಟಾಬೇಸು ಒಂದೇ ಫೈಲು, ಸರ್ವರ್ ಬೇಡ, ಇಂಟರ್ನೆಟ್ ಬೇಡ. ನಿಮ್ಮ ಕಡೆ ಸಿಗ್ನಲ್ ಹೇಗೆ ಅಂತ ನನಗೆ ಗೊತ್ತು, ಅಮ್ಮನಿಗೆ ಫೋನು ಸಿಗಬೇಕಾದ್ರೆ ಅವರು ಗೇಟಿನ ತನಕ ಬರಬೇಕು.

ಫೈಲಿನ ಹೆಸರಲ್ಲಿ ಹಾಡಿನ ಹೆಸರು ಹಾಕಲೇಬೇಡಿ. ಬರೀ ನಂಬರು. ಹೆಸರು ತಿದ್ದಬೇಕಾದ್ರೆ ಡೇಟಾಬೇಸಿನಲ್ಲಿ ಒಂದೇ ಕಡೆ ತಿದ್ದಿದರೆ ಸಾಕು.

ಸಾವಿಗೆ ಸಂಬಂಧಿಸಿದ್ದು ಅದೇ ಫೋಲ್ಡರಿನಲ್ಲಿ ಇರಲೇಬಾರದು. 'ಸಂದರ್ಭ ಗೊತ್ತಿಲ್ಲ' ಅನ್ನುವ ಫೈಲನ್ನೂ ವ್ಯವಸ್ಥೆ ನುಡಿಸಬಾರದು. ಯಾರೂ ಏನೂ ಸೆಟ್ ಮಾಡದಿದ್ದರೂ, ಗೊತ್ತಿಲ್ಲದ್ದನ್ನು ನುಡಿಸದೇ ಇರೋದೇ ಅದರ ನಡವಳಿಕೆ ಆಗಿರಬೇಕು. ಶಫಲ್ ಬಟನ್ ಬೇಡವೇ ಬೇಡ, ತಾನಾಗಿ ಮುಂದಿನ ಹಾಡಿಗೆ ಹೋಗೋದೂ ಬೇಡ. ಒಂದು ಹಾಡು ಮುಗಿದರೆ ಮೌನ.

ಮಂದ್‌ಹಾದಿ

ನಿನ್ನೆ ಕೂತು ಅರವತ್ತು ಸಾಲು ತುಂಬಿದೆ. ಹೆಸರಿನಲ್ಲೇ ಸುಸ್ತಾದೆ. ನಾನು ಬೊಳಕಾಟ್ ಅಂತ ಬರೆದರೆ ತಮ್ಮ ಬೊಳಕಾಟ ಅಂತಾನೆ, ಇನ್ನೊಬ್ಬರು ನಡುವೆ ಅರ್ಧಾಕ್ಷರ ಹಾಕ್ತಾರೆ. ಸುಗ್ಗಿ ಹಬ್ಬವನ್ನು ಪುತ್ತರಿ ಅಂತ ಹುಡುಕಿದರೆ ಹುತ್ತರಿ ಅಂತ ಬರೆದದ್ದು ಸಿಗಲ್ಲ. ಕೊಡವ ತಕ್ಕ್‌ನಲ್ಲಿ (ನಮ್ಮ ಭಾಷೆಯಲ್ಲಿ) ಕನ್ನಡದಲ್ಲಿಲ್ಲದ ಎರಡು ಸ್ವರ ಬೇರೆ ಇವೆ. ಅದಕ್ಕೆ ಅಕ್ಷರ ಇಲ್ಲದ್ದರಿಂದ ಒಬ್ಬೊಬ್ಬರದು ಒಂದೊಂದು ಬರವಣಿಗೆ.

ಬೆಂಗಳೂರು_ರಾತ್ರಿಬಸ್ಸು

ಯಾವುದು ಸರಿ ಅಂತ ತೀರ್ಮಾನ ಮಾಡಲು ಹೋಗಬೇಡಿ, ಪಂಚಾಯಿತಿ ಮುಗಿಯಲ್ಲ. ಒಂದು ಹಾಡಿಗೆ ಎಷ್ಟು ಹೆಸರು ಬೇಕಾದರೂ ಇರಲಿ, ಅದಕ್ಕೊಂದು ಐದನೇ ಹಾಳೆ. ಯಾವ ಹೆಸರಿನಿಂದ ಹುಡುಕಿದರೂ ಅದೇ ನಂಬರು ಸಿಕ್ಕಿದರೆ ಆಯಿತು. ಹಾಡಿನ ಮೊದಲ ಸಾಲನ್ನೂ ಹಾಕಿ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' ಬಂದಾಗಿನಿಂದ ಎಷ್ಟೋ ಹಾಡುಗಳ ಪಠ್ಯ ಅಚ್ಚಿನಲ್ಲಿದೆ, ಅದರಲ್ಲಿರುವ ಹಾಡಾದರೆ ಪುಟಸಂಖ್ಯೆಯನ್ನೂ ಬರೆದಿಡಿ.

ತಾಳದ_ಅಕ್ಕ

ನಾನು ಪೊನ್ನಂಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಉಮ್ಮತ್ತಾಟ್ ಹೇಳಿಕೊಡ್ತೇನೆ. ನೀವಿಬ್ಬರೂ ಪಟ್ಟಿಯ ಬಗ್ಗೆಯೇ ಮಾತಾಡ್ತಿದ್ದೀರ. ಕುಣಿಯುವವರ ಕಷ್ಟ ಸ್ವಲ್ಪ ಕೇಳಿ.

ನಡುವೆ ಕಾವೇರಮ್ಮನಾಗಿ ಒಬ್ಬಳು ಬಿಂದಿಗೆ ಹಿಡಿದು ನಿಂತಿರ್ತಾಳೆ. ಸುತ್ತ ಹನ್ನೆರಡು ಮಂದಿ ತಾಳ ಹಿಡಿದು ಬಾಗಿ ಏಳ್ತಾ ಸುತ್ತಬೇಕು. ಹೊಸದಾಗಿ ಕಲಿಯುವವರು ಬಾಗುವುದರಲ್ಲೇ ಹಿಂದೆ ಬೀಳ್ತಾರೆ. ಹಾಡುವವರು ಎದುರಿಗಿದ್ದರೆ ನೋಡಿ ನಿಧಾನ ಮಾಡ್ತಾರೆ. ಸ್ಪೀಕರಿಗೆ ಕಣ್ಣಿಲ್ಲ. ಹತ್ತನೇ ಕ್ಲಾಸಿನ ಹುಡುಗಿಗೂ ನಲವತ್ತು ದಾಟಿದ ನನ್ನ ಮೊಣಕಾಲಿಗೂ ಅದು ಒಂದೇ ವೇಗ. ನಿಧಾನ ಮಾಡಲು ಹೋದರೆ ಹಾಡುವವರ ದನಿ ಗುಹೆಯೊಳಗಿಂದ ಬಂದ ಹಾಗೆ ಆಗುತ್ತೆ.

ಇನ್ನೊಂದು, ಸುತ್ತು. ವೇದಿಕೆ ಮೇಲೆ ಆರು ನಿಮಿಷ ಅಂತಾರೆ, ಅಲ್ಲಿಗೆ ಹೋದಮೇಲೆ ಮಂತ್ರಿಗಳು ಬಂದರು, ನಾಲ್ಕೇ ನಿಮಿಷ ಅಂತಾರೆ. ಹಾಡನ್ನು ನಡುವೆ ಕತ್ತರಿಸಿದರೆ ಮಕ್ಕಳು ಒಂದು ಕಾಲೆತ್ತಿ ನಿಂತಿರ್ತಾರೆ. ಒಂದು ಸಲವಂತೂ ಧ್ವನಿವರ್ಧಕದವರು ಪದದ ನಡುವೆಯೇ ನಿಲ್ಲಿಸಿಬಿಟ್ಟರು. ಪ್ರೇಕ್ಷಕರು ಮುಗೀತು ಅಂದುಕೊಂಡು ಚಪ್ಪಾಳೆ ತಟ್ಟಿದರು, ನಮ್ಮ ಹುಡುಗಿಯರು ಮುಗಿದಿಲ್ಲ ಅಂತ ಇನ್ನೂ ತಾಳ ಹಾಕ್ತಾನೇ ಇದ್ದರು.

ವೇಗ ನಮ್ಮ ಕೈಯಲ್ಲಿರಬೇಕು. 'ಇನ್ನೊಂದು ಸುತ್ತು' ಮತ್ತು 'ಸಾಕು' ಅಂತ ಎರಡು ಬಟನ್ ಬೇಕು. ಉಳಿದದ್ದು ಏನು ಬೇಕಾದರೂ ಮಾಡಿಕೊಳ್ಳಿ.

ಬೆಂಗಳೂರು_ರಾತ್ರಿಬಸ್ಸು

ಅಕ್ಕ, ಇಡೀ ವಿನ್ಯಾಸವನ್ನು ನೀವು ಎರಡು ಬಟನ್‌ನಲ್ಲಿ ಮುಗಿಸಿದಿರಿ.

ಗುಹೆಯ ದನಿಗೆ ಕಾರಣ, ನಿಮ್ಮ ಪ್ಲೇಯರು ಟೇಪು ನಿಧಾನ ಮಾಡಿದ ಹಾಗೆ ಮಾಡ್ತಿದೆ. ವೇಗದ ಜೊತೆ ಶ್ರುತಿಯೂ ಇಳಿಯುತ್ತೆ. ಶ್ರುತಿ ಹಾಗೇ ಇಟ್ಟು ವೇಗ ಮಾತ್ರ ಬದಲಿಸುವ ವಿಧಾನ ಬೇರೆ. ವಿಎಲ್‌ಸಿ ಅದನ್ನು ಮಾಡುತ್ತೆ, ಮಿಕ್ಸ್ ಅನ್ನುವ ಉಚಿತ ಡಿಜೆ ಸಾಫ್ಟ್‌ವೇರ್‌ನಲ್ಲಿ ಅದಕ್ಕೇ ಕೀಲಾಕ್ ಅಂತ ಒಂದು ಬಟನ್ ಇದೆ. ನಾನು ಬರೆದರೆ ರಬ್ಬರ್ ಬ್ಯಾಂಡ್ ಅನ್ನುವ ಲೈಬ್ರರಿ ಬಳಸ್ತೇನೆ.

ಆದರೆ ಇದರಲ್ಲಿ ದುಡಿಗೇ ಒಂದು ತೊಂದರೆ. ಈ ತಂತ್ರ ಧ್ವನಿಯನ್ನು ಸಣ್ಣ ಸಣ್ಣ ತುಂಡು ಮಾಡಿ ಒಂದರ ಮೇಲೊಂದು ಹೊದಿಸಿ ಉದ್ದ ಮಾಡುತ್ತೆ. ಎಳೆದು ಹಾಡುವ ದನಿಗೆ ಅದು ಒಗ್ಗುತ್ತೆ. ದುಡಿಯ ಪೆಟ್ಟು ಹಾಗಲ್ಲ. ಸಣ್ಣ ಕೋಲು ಚರ್ಮಕ್ಕೆ ತಗಲಿದ ಆ ಕ್ಷಣವೇ ಅದರ ಜೀವ. ಅದನ್ನು ಎಳೆದರೆ ಪೆಟ್ಟಿನ ಅಂಚು ಕರಗಿ, ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ಕೇಳಿಸುತ್ತೆ. ನಿನ್ನೆ ರಾತ್ರಿ ಒಂದು ಬೊಳಕಾಟ್ ಹಾಡನ್ನು ಇಟ್ಟುಕೊಂಡು ನೋಡಿದೆ. ನೂರಕ್ಕೆ ತೊಂಬತ್ತರ ತನಕ ಇಳಿಸಿದರೆ ಪರವಾಗಿಲ್ಲ, ಎಂಬತ್ತಕ್ಕೆ ಬಂದಾಗ ನನ್ನ ಕಿವಿಗೇ ಬೇಜಾರಾಯಿತು. ಕಲಿಯುವವರಿಗೆ ಅಂತ ಹಿರಿಯರಿಂದಲೇ ನಿಧಾನವಾಗಿ ಹಾಡಿಸಿ ಬೇರೆ ರೆಕಾರ್ಡಿಂಗ್ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೇದು.

ಸುತ್ತಿನ ವಿಷಯಕ್ಕೆ ಬಂದರೆ, ಪ್ರತಿ ರೆಕಾರ್ಡಿಂಗ್‌ನಲ್ಲಿ ಮೂರು ಗುರುತು ಹಾಕಬೇಕು. ಸುತ್ತು ಶುರು, ಸುತ್ತು ಕೊನೆ, ಮುಕ್ತಾಯ ಶುರು. ಯಂತ್ರ ಸುತ್ತನ್ನು ನುಡಿಸ್ತಾ ಇರುತ್ತೆ. 'ಸಾಕು' ಒತ್ತಿದರೆ ತಕ್ಷಣ ನಿಲ್ಲಲ್ಲ, ನಡೀತಿರುವ ಸುತ್ತು ಮುಗಿಸಿ ಮುಕ್ತಾಯಕ್ಕೆ ಹೋಗಿ ನಿಲ್ಲುತ್ತೆ. ಇದಕ್ಕೆ ಎಂಪಿ3 ಬೇಡ. ಆ ಫೈಲಿನ ತಲೆಗೂ ಬಾಲಕ್ಕೂ ಒಂಚೂರು ಖಾಲಿ ಜಾಗ ಸೇರಿಕೊಳ್ಳುತ್ತೆ, ಸುತ್ತು ಜೋಡಿಸುವ ಕಡೆ ಕಾಲು ಎಡವುತ್ತೆ. ವೇವ್ ಅಥವಾ ಫ್ಲ್ಯಾಕ್‌ನಲ್ಲಿಡಿ. ವೇವ್ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತೆ. ತಿನ್ನಲಿ ಬಿಡಿ.

ಈ ಗುರುತು ಹಾಕುವ ಕೆಲಸ ಕಂಪ್ಯೂಟರಿನಿಂದ ಆಗಲ್ಲ. ತಾನಾಗಿ ಲಯ ಹುಡುಕುವ ಸಾಫ್ಟ್‌ವೇರು ಹಾಕಿ ನೋಡಿದೆ. ಅದು ಸಿನಿಮಾ ಹಾಡಿನ ಹಾಗೆ ಗಡಿಯಾರದ ಲಯ ಹುಡುಕುತ್ತೆ. ನಿಮ್ಮ ಹಿರಿಯರು ಹೋಗ್ತಾ ಹೋಗ್ತಾ ಏರಿಸ್ತಾರೆ. ಒಂದೇ ಹಾಡಿಗೆ ಅದು ಮೂರು ಸಲ ಮೂರು ಉತ್ತರ ಕೊಟ್ಟಿತು. ಆಟ್ ಗೊತ್ತಿರುವವರು ಕೂತು ಕೇಳಿ ಗುರುತು ಹಾಕಬೇಕು.

ಕಕ್ಕಬ್ಬೆ_ಮಾವ

ಮೊಮ್ಮಗಳು ತೋರಿಸಿದಳು, ಅದಕ್ಕೆ ಬರೀತಿದ್ದೇನೆ. ಟೈಪ್ ಮಾಡುತ್ತಿರುವುದು ಅವಳು, ಮಾತು ನನ್ನದು.

ಮಂದ್‌ಗೆ ಈ ಡಬ್ಬ ತರಬೇಡಿ. ಮಂದ್ ಅಂದರೆ ಹಬ್ಬಕ್ಕೆ ಊರವರು ಸೇರಿ ಕುಣಿಯುವ ಬಯಲು. ಅಭ್ಯಾಸಕ್ಕೆ ಹಾಕಿ, ಮದರಾಸಿನಲ್ಲೋ ಡೆಲ್ಲಿಯಲ್ಲೋ ವೇದಿಕೆಗೆ ಹಾಕಿ, ನನ್ನ ತಕರಾರಿಲ್ಲ. ಪುತ್ತರಿ ಕೋಲಾಟ್‌ಗೆ ಮಂದ್‌ನಲ್ಲಿ ಮನುಷ್ಯರೇ ಹಾಡಬೇಕು. ದುಡಿ ಬಾರಿಸಿ ಹಾಡುವ ದುಡಿಕೊಟ್ಟ್ ಪಾಟ್‌ಗೆ ನಾಲ್ಕು ಜನ ಕೂರುತ್ತೇವೆ, ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ನಾವು ಎತ್ತಿದ್ದನ್ನು ಅವರು ಹಿಡಿಯುತ್ತಾರೆ. ನಮಗೆ ಉಸಿರು ಸಾಲದಿದ್ದರೆ ಅವರಿಗೆ ಗೊತ್ತಾಗುತ್ತೆ. ಯಾರ ಮನೆಯಲ್ಲಿ ಕೂತಿದ್ದೇವೆ, ಎದುರಿಗೆ ಯಾರಿದ್ದಾರೆ ನೋಡಿ ಒಂದು ಸಾಲು ಸೇರಿಸುತ್ತೇವೆ, ಒಂದು ಬಿಡುತ್ತೇವೆ. ಅದನ್ನು ಯಾವ ಹಾಳೆಯಲ್ಲಿ ಬರೀತೀರಿ?

ಸಂದರ್ಭ ಅಂತ ಒಂದು ಹಾಳೆ ಮಾಡುತ್ತೇನೆ ಅಂದರಲ್ಲ, ಅದು ಒಳ್ಳೇ ಬುದ್ಧಿ. ಅದರಲ್ಲಿ ಕಾಲವನ್ನೂ ಹಾಕಿ. 'ಪೊಲಿ ಪೊಲಿ ದೇವಾ' ಪುತ್ತರಿಗೆ ಭತ್ತದ ಕದಿರು ತರುವಾಗಿನ ಕೂಗು. ಪಾಡಿ ಇಗ್ಗುತ್ತಪ್ಪನ ದೇವಸ್ಥಾನದಲ್ಲಿ ಮುಹೂರ್ತ ಇಟ್ಟು, ರೋಹಿಣಿ ನಕ್ಷತ್ರ ನೋಡಿ, ಗದ್ದೆಗಿಳಿದು ಕೂಗುವುದನ್ನು ಜೂನ್ ತಿಂಗಳ ಮಳೆಯಲ್ಲಿ ಯಾವುದೋ ರೆಸಾರ್ಟಿನಲ್ಲಿ ಪ್ರವಾಸಿಗಳ ಊಟದ ಹೊತ್ತಿಗೆ ಸ್ಪೀಕರಿನಲ್ಲಿ ಹಾಕಿದ್ದನ್ನು ಕೇಳಿದ್ದೇನೆ. ನನಗೆ ಆ ಊಟ ಸೇರಲಿಲ್ಲ.

ಜಿಗಣೆ

ಮಾವ, ರೆಸಾರ್ಟಲ್ಲಿ ನಿಮಗೇನು ಕೆಲಸ ಇತ್ತು?

ಕಕ್ಕಬ್ಬೆ_ಮಾವ

ಕಾಳುಮೆಣಸು ಕೊಡಲು ಹೋಗಿದ್ದೆ.

ಹಾಡಿಶಾಲೆ

ನಾನು ದಕ್ಷಿಣ ಕೊಡಗಿನಲ್ಲಿ ಶಾಲಾ ಶಿಕ್ಷಕಿ. ಯರವ ಬುಡಕಟ್ಟಿನವರ ಹಾಡಿಯ (ಕೇರಿಯ) ಮಕ್ಕಳು ನನ್ನ ಕ್ಲಾಸಿನಲ್ಲಿದ್ದಾರೆ. ಕೊಡಗಿನ ಜಾನಪದ ಅಂದರೆ ಕೊಡವರ ಕುಪ್ಯಚೇಲೆ ಉಡುಪು ಮತ್ತು ಸೊಂಟದ ಪೀಚೆಕತ್ತಿ ಮಾತ್ರ ಅಲ್ಲ ಅಂತ ಮೊದಲು ಹೇಳಿಬಿಡ್ತೇನೆ. ಯರವರಿಗೆ ಊದುವ ಚೀನಿ, ದುಡಿ ಇದೆ. ಅರೆಭಾಷೆಯವರ ಸೋಬಾನೆ ಇದೆ. ನಿಮ್ಮ ಹಾಳೆಗಳಲ್ಲಿ ಇವಕ್ಕೂ ಜಾಗ ಇರಲಿ, 'ಇತರೆ' ಅಂತ ಒಂದು ಮೂಲೆಯಲ್ಲಿ ಅಲ್ಲ.

ನನ್ನ ಸಿಟ್ಟು ಬೇರೆಯದು. ನಮ್ಮ ಹಾಡಿಯ ಒಬ್ಬರು ಚೀನಿ ಊದಿದ್ದನ್ನು ಯಾರೋ ಮೊಬೈಲಲ್ಲಿ ಹಿಡಿದುಕೊಂಡು ಹೋದರು. ಎರಡು ವರ್ಷದ ಮೇಲೆ ಅದು ಒಂದು ತಂಡದ ವೇದಿಕೆ ಹಾಡಾಗಿತ್ತು. ತಂಡಕ್ಕೆ ಬಹುಮಾನ ಬಂತು. ಊದಿದವರಿಗೆ ಹೆಸರೂ ಇಲ್ಲ, ಒಂದು ಟೀ ಇಲ್ಲ. ಹಾಗಾಗಿ ರೆಕಾರ್ಡಿಂಗ್ ಹಾಳೆಯಲ್ಲಿ ಹಾಡಿದವರು, ನುಡಿಸಿದವರು, ಎಲ್ಲಿ, ಯಾವಾಗ, ಯಾವುದಕ್ಕೆ ಒಪ್ಪಿದ್ದಾರೆ ಅನ್ನುವುದು ಕಡ್ಡಾಯ ಆಗಲಿ. ಅಭ್ಯಾಸಕ್ಕೆ ಮಾತ್ರ ಒಪ್ಪಿದ್ದರೆ ವೇದಿಕೆಯಲ್ಲಿ ಅದು ನುಡಿಯಬಾರದು. ಚಾವು ಕೊಟ್ಟ್‌ಗೆ ಬೀಗ ಹಾಕಲು ಬರುತ್ತೆ ಅಂದಮೇಲೆ ಇದಕ್ಕೂ ಬರಬೇಕು.

ವಾಲಗದವರ ಕಥೆಯೂ ಇದೇ. ರೆಕಾರ್ಡಿಂಗ್ ಇದೆಯಲ್ಲ ಅಂತ ಮದುವೆಗೆ ಅವರನ್ನು ಕರೆಯೋದನ್ನೇ ಬಿಟ್ಟರೆ ಈ ವ್ಯವಸ್ಥೆ ಅವರ ಅನ್ನಕ್ಕೆ ಕಲ್ಲು.

ಬೆಂಗಳೂರು_ರಾತ್ರಿಬಸ್ಸು

ಒಪ್ಪಿದೆ ಮೇಡಂ. ಕಾನೂನೂ ಸ್ವಲ್ಪ ನಿಮ್ಮ ಕಡೆಗಿದೆ. ಹಾಡು ಪರಂಪರೆಯದು, ಅದಕ್ಕೆ ಒಡೆಯರಿಲ್ಲ ಅಂತ ಹೇಳಿ ಕೈತೊಳೆದುಕೊಳ್ಳೋಕಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕಿದೆ, ಪ್ರಕಟವಾದ ಮೇಲೆ 60 ವರ್ಷ. ಹಾಡುವ, ನುಡಿಸುವ ಕಲಾವಿದರಿಗೂ ಅವರದೇ ಹಕ್ಕಿದೆ. ಒಪ್ಪಿಗೆಯ ಕಾಲಂ ಖಾಲಿ ಇದ್ದರೆ ಅಭ್ಯಾಸದ ಪಟ್ಟಿಗೆ ಮಾತ್ರ ಬರುವ ಹಾಗೆ ಮಾಡ್ತೇನೆ.

ಕುಶಾಲನಗರ_ಸೌಂಡ್ಸ್

ಇಪ್ಪತ್ತು ವರ್ಷದಿಂದ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡ್ತಾ ಇದೀನಿ, ನನ್ನದೂ ನಾಲ್ಕು ಮಾತು.

ಮೊಬೈಲಿಂದ ನುಡಿಸ್ಬೇಡಿ. ಬೊಳಕಾಟ್ ನಡುವೆ ಸೊಸೈಟಿ ಸಾಲದ ಫೋನು ಬಂದದ್ದನ್ನ ಊರೆಲ್ಲ ಕೇಳಿದೆ. ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಒಳ್ಳೇದೇ, ಆದ್ರೆ ನಮ್ಮ ಕಡೆ ಕರೆಂಟು ಹೇಳದೆ ಹೋಗುತ್ತೆ, ಬರೀತಿರುವಾಗ ಕರೆಂಟು ಹೋದ್ರೆ ಅದರ ಮೆಮೊರಿ ಕಾರ್ಡು ಕೆಡುತ್ತೆ. ಪೈ 5ರಲ್ಲಿ ಇಯರ್‌ಫೋನ್ ತೂತೂ ಇಲ್ಲ. ಹಳೇ ಲ್ಯಾಪ್‌ಟಾಪ್ ತಗೊಳ್ಳಿ, ಅದರ ಬ್ಯಾಟರಿಯೇ ನಿಮ್ಮ ಯುಪಿಎಸ್. ಚಾರ್ಜರ್ ಹಾಕಿದಾಗ ಸ್ಪೀಕರಿನಲ್ಲಿ ಗುಂಯ್ ಅಂದ್ರೆ ಚಾರ್ಜರ್ ಕಿತ್ತು ನೋಡಿ, ನಿಂತ್ರೆ ಅದು ಅರ್ತಿಂಗ್ ತೊಂದರೆ, ನಡುವೆ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕ್ಬೇಕು. ಸ್ಕ್ರೀನು ಮುಚ್ಚಿದ್ರೆ ನಿದ್ದೆ ಹೋಗೋ ಸೆಟಿಂಗ್ ಮೊದ್ಲೇ ತೆಗೀರಿ.

ಬ್ಲೂಟೂತ್ ಬೇಡ. ಹಾಡು ರೆಕಾರ್ಡಿಂಗು, ದುಡಿ ಮಾತ್ರ ಎದುರಿಗೇ ಬಾರಿಸ್ತೀವಿ ಅಂತ ಕೆಲವ್ರು ಮಾಡ್ತಾರೆ. ಬ್ಲೂಟೂತ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೋ ಅದಕ್ಕಿಂತ ಜಾಸ್ತಿಯೋ ತಡ ಇರುತ್ತೆ. ದೊಡ್ಡ ಮೈದಾನದಲ್ಲಿ ಗಾಳಿಯೂ ತಡ ಮಾಡುತ್ತೆ, ಶಬ್ದಕ್ಕೆ 34 ಮೀಟರ್ ದಾಟೋಕೆ ಅಷ್ಟೇ ಹೊತ್ತು ಬೇಕು. ಸ್ಪೀಕರ್ ಒಂದೇ ತುದಿಗಿಟ್ರೆ ಸುತ್ತಿನ ಆಚೆ ಕಡೆಯವರ ತಾಳ ಈಚೆಯವರಿಗೆ ಹೊಂದಲ್ಲ. ಸುತ್ತಿನ ನಡುವಿಗೆ ಹತ್ತಿರ ಇಡಿ, ದೀಪಕ್ಕೆ ಅಡ್ಡ ಬರದ ಹಾಗೆ.

ಹಳೇಕ್ಯಾಸೆಟ್

ಕ್ಯಾಸೆಟ್ ಇರುವವರಿಗೆ ಒಂದು ಉಪಾಯ. ನಮ್ಮಜ್ಜ ಹಾಡಿದ ಟೇಪು ಮನೆಯಲ್ಲಿದೆ, ಕೇಳಿದರೆ ಹದಿನೆಂಟರ ಹುಡುಗನ ದನಿ. ಬ್ಯಾಟರಿ ಸೋತ ಟೇಪ್‌ರೆಕಾರ್ಡರಿನಲ್ಲಿ ಹಿಡಿದದ್ದು. ಹಿಡಿಯುವಾಗ ನಿಧಾನ ಓಡಿದೆ, ಈಗ ಸರಿಯಾದ ಯಂತ್ರದಲ್ಲಿ ಹಾಕಿದರೆ ಜೋರಾಗಿ ಬರುತ್ತೆ. ಎಷ್ಟು ಜೋರು ಅಂತ ಹೇಗೆ ತಿಳಿಯೋದು? ಆ ದಿನ ಹಾಲ್‌ನಲ್ಲಿ ಮೈಕ್‌ಸೆಟ್ ಇತ್ತು, ಅದರ ಗುಂಯ್ ಶಬ್ದ ಟೇಪಿನಲ್ಲಿ ಕೂತಿದೆ. ಕರೆಂಟಿನ ಗುಂಯ್ 50 ಹರ್ಟ್ಸ್ ಇರಬೇಕು. ಆಡಾಸಿಟಿ ಅನ್ನುವ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ನೋಡಿದರೆ 53 ಇತ್ತು. ಅಂದರೆ ನೂರಕ್ಕೆ ಆರು ಜೋರು, ಹಾರ್ಮೋನಿಯಂನಲ್ಲಿ ಒಂದು ಮನೆ ಮೇಲೆ. ಇಲ್ಲಿ ಮಾತ್ರ ವೇಗ, ಶ್ರುತಿ ಎರಡನ್ನೂ ಒಟ್ಟಿಗೇ ಇಳಿಸಬೇಕು. ಆಗಿನ ಕರೆಂಟೂ ಸರಿಯಾಗಿ 50 ಇರ್ತಿರಲಿಲ್ಲ, 48ರ ತನಕ ಬೀಳ್ತಿತ್ತು, ಆದ್ದರಿಂದ ಕೊನೆಯ ಮಾತು ಕಿವಿಯದೇ. ಇಳಿಸಿ ಹಾಕಿದಾಗ ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಆಗ ಸರಿಯಾಗಿದೆ ಅಂತ ಬಿಟ್ಟೆ.

ಮಂದ್‌ಹಾದಿ

ಮೂರು ವಾರ ಆಯಿತು. ವರದಿ ಒಪ್ಪಿಸ್ತೇನೆ.

ನಾನೂರು ಫೈಲಿನಲ್ಲಿ ಒಂದೇ ಫೈಲಿನ ನಕಲುಗಳನ್ನು ತೆಗೆದಮೇಲೆ ಉಳಿದದ್ದು 171. ಅದರಲ್ಲಿ ಸಂದರ್ಭ ಖಚಿತವಾಗಿ ಗೊತ್ತಿರುವುದು 94. ಒಪ್ಪಿಗೆ ಕೇಳಿ ಬರೆದದ್ದು 22. ಅಂದರೆ ಸದ್ಯ ವೇದಿಕೆಗೆ ಸಿಗೋದು 22 ಮಾತ್ರ. ಮೊದಲು ಬೇಜಾರಾಯಿತು. ಆಮೇಲೆ ಯೋಚಿಸಿದರೆ ನಾವು ವೇದಿಕೆಯಲ್ಲಿ ಆಡೋದೇ ಏಳೋ ಎಂಟೋ.

ರಾತ್ರಿಬಸ್ಸಿನವರು ಕಳಿಸಿದ ಮೊದಲ ರೂಪ ಹಳೇ ಲ್ಯಾಪ್‌ಟಾಪಿನಲ್ಲಿ ಓಡ್ತಿದೆ. ಕಪ್ಪು ಪರದೆ, ದಪ್ಪ ಅಕ್ಷರ, ಮೊದಲು 'ಇವತ್ತು ಏನು?' ಅಂತ ಕೇಳುತ್ತೆ. ಮದುವೆ ಅಂದರೆ ಮದುವೆಯದಷ್ಟೇ ಕಾಣುತ್ತೆ. ಸಾವಿನದು ಬೇರೆ ಡಿಸ್ಕ್‌ನಲ್ಲಿದೆ, ಡಿಸ್ಕು ನಮ್ಮಪ್ಪನ ಬೀರುವಿನಲ್ಲಿದೆ.

ಅಭ್ಯಾಸದಲ್ಲಿ ಎಡವಟ್ಟು ಆಗದೇ ಇರಲಿಲ್ಲ. 'ಸಾಕು' ಒತ್ತಿದರೂ ಸುತ್ತು ಮುಗಿಯುವ ತನಕ ಏನೂ ಆಗಲ್ಲವಲ್ಲ, ಒತ್ತಿದ್ದು ತಗೊಂಡಿಲ್ಲ ಅಂತ ಹುಡುಗ ಇನ್ನೊಮ್ಮೆ ಒತ್ತಿದ. ಅದು ರದ್ದಾಯಿತು. ಮತ್ತೆ ಒತ್ತಿದ. ಹೆಂಗಸರು ಹನ್ನೊಂದು ಸುತ್ತು ಹಾಕಿ ಕೂತುಬಿಟ್ಟರು. ಈಗ ಒತ್ತಿದ ತಕ್ಷಣ ಇಡೀ ಪರದೆ ಕೆಂಪಾಗಿ 'ಇದೇ ಕೊನೆ ಸುತ್ತು' ಅಂತ ಬರುತ್ತೆ. ಆ ಕೆಂಪು ಕುಣಿಯುವವರಿಗೂ ಕಾಣೋದರಿಂದ ಮುಕ್ತಾಯಕ್ಕೆ ಅವರೂ ತಯಾರಾಗ್ತಾರೆ. ಇದು ಯಾರೂ ಯೋಚಿಸಿದ್ದಲ್ಲ, ತಾನಾಗಿ ಬಂದ ಲಾಭ.

ಒಂದು ದೊಡ್ಡ ಕೊರತೆ ಉಳಿದಿದೆ. ನಿಧಾನದ ರೆಕಾರ್ಡಿಂಗ್ ಒಂದೂ ಇಲ್ಲ. ನಮ್ಮ ಇಬ್ಬರು ಹಿರಿಯರಲ್ಲಿ ಒಬ್ಬರಿಗೆ ಗಂಟಲು ಸರಿಯಿಲ್ಲ. ಕಕ್ಕಬ್ಬೆ ಮಾವ, ಕೇಳಲು ಸಂಕೋಚ ಆಗ್ತಿದೆ. ನೀವು ಹಾಡಿಕೊಡ್ತೀರಾ? ಕಲಿಯುವವರಿಗೆ ಮಾತ್ರ. ಮಂದ್‌ಗೆ ತರಲ್ಲ, ಅದನ್ನು ಒಪ್ಪಿಗೆ ಕಾಲಂನಲ್ಲೇ ಬರೀತೇನೆ.

ತಾಳದ_ಅಕ್ಕ

ನಾವೂ ಬರ್ತೇವೆ. ಎದುರಿಗೆ ಕುಣಿಯುವವರು ಇದ್ದರೆ ತಾನೇ ನಿಧಾನ ಎಷ್ಟು ಅಂತ ಮಾವನಿಗೆ ಗೊತ್ತಾಗೋದು. ಹೊಸಬರು ನಾಲ್ಕು ಜನರನ್ನು ಕರಕೊಂಡು ಬರ್ತೇನೆ.

ಕಕ್ಕಬ್ಬೆ_ಮಾವ

ಕಾಫಿ ಕುಯ್ಲು ಶುರುವಾದರೆ ನನಗೆ ಪುರುಸೊತ್ತಿಲ್ಲ. ಈ ಭಾನುವಾರ ಬನ್ನಿ, ಬೆಳಿಗ್ಗೆ ಹತ್ತಕ್ಕೆ. ಜೊತೆಗೆ ಹಾಡುವವರು ಮೂರು ಜನರನ್ನು ನಾನು ಕರೆಯುತ್ತೇನೆ, ಒಬ್ಬನೇ ಹಾಡಿದರೆ ಅದು ದುಡಿಕೊಟ್ಟ್ ಪಾಟ್ ಅಲ್ಲ. ಅವರ ಹೆಸರನ್ನೂ ಬರೆದುಕೊಳ್ಳಬೇಕು. ನಾಯಿ ಕಟ್ಟಿರುತ್ತೇನೆ. ಮಳೆ ಬಂದರೆ ತಗಡಿನ ಶಬ್ದ ನನ್ನ ಕೈಯಲ್ಲಿಲ್ಲ.

ಕುಶಾಲನಗರ_ಸೌಂಡ್ಸ್

ಒಳ್ಳೇ ಮೈಕು ಎರಡು ಕೊಡ್ತೀನಿ, ಬಾಡಿಗೆ ಬೇಡ. ಶನಿವಾರ ಸಂಜೆ ಬಂದು ತಗೊಂಡು ಹೋಗಿ. ಸೋಮವಾರ ಬೆಳಿಗ್ಗೆ ವಾಪಸ್ ಬರ್ಬೇಕು, ನನಗೂ ಮದುವೆ ಇದೆ.